ಒಂದು ರೇಡಿಯೋ, ಮೂರು ಪಕ್ಷ

ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಹೆಸರು ಮಂಗಳೂರಿನದ್ದಾದರೂ ಮೀಡಿಯಂ ವೇವ್ ಪ್ರಸಾರದ ಕಂಬ ನಿಂತದ್ದು ಬ್ರಹ್ಮಾವರದಲ್ಲಿ. ಹಾಗಾಗಿ ಕುಂದಾಪುರ, ಬೈಂದೂರಿನವರಿಗೆ ಅದು ನಮ್ಮದೇ ಸ್ಟೇಷನ್. ಮಂಗಳೂರಿನವರೂ ಬೇಕಾದರೆ ಕೇಳಿಕೊಳ್ಳಲಿ!

ಮನೆಗೊಂದೇ ರೇಡಿಯೋ, ಹಕ್ಕುದಾರರು ಮೂರು ಮಂದಿ. ಅಪ್ಪಯ್ಯನ ಆಲಾಪನೆ ಇನ್ನೂ ಮಂದ್ರದಲ್ಲಿ ತಡಕಾಡುತ್ತಿರುವಾಗಲೇ ಅಣ್ಣ ಬಂದು ಕಿವಿ ಹಿಂಡುತ್ತಿದ್ದ, ರೇಡಿಯೋದ್ದು. ಗಾವಸ್ಕರ್ ಆಡುತ್ತಿದ್ದಾರಂತೆ.

"ಅವಂದೂ ವಿಳಂಬ ಕಾಲವೇ ಅಲ್ದನಾ? ಇದ್ ಮುಗ್ದ್ ಮೇಲ್ ಕೇಣ್, ಸ್ಕೋರ್ ಅಲ್ಲೇ ಇರತ್ತ್" ಎನ್ನುತ್ತಿದ್ದರು ಅಪ್ಪಯ್ಯ. ಮಾತಿಗೆ ಆಧಾರವಿತ್ತು: 1975ರ ವಿಶ್ವಕಪ್‌ನಲ್ಲಿ ಪುಣ್ಯಾತ್ಮ 60 ಓವರ್ ನಿಂತು ಹೊಡೆದದ್ದು ಅಜೇಯ 36.

ಹಿಂದೆ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಹಾಡು ತಗ್ಗಿಸಿ ಶಾಸ್ತ್ರೀಯ ಸಂಗೀತ ಬಡಿಸಲು ಹೊರಟಾಗ ಕೇಳುಗರು ರೇಡಿಯೋ ಸಿಲೋನಿಗೆ ಗುಳೆ ಹೋಗಿದ್ದರು. ನಮ್ಮ ಮನೆಯಲ್ಲಿ ಗುಳೆ ಹೋಗಬೇಕಾದರೂ ಅಪ್ಪಯ್ಯನ ಕೈ ಸರಿಸಬೇಕಿತ್ತು.

ರಾತ್ರಿ ಅಮ್ಮಮ್ಮನ ನಾಟಕ. ಕುದುರೆ ಓಡಿದರೆ, "ಕುದ್ರಿ ಅಲ್ದಾ, ಗೆರಟಿ" ಎಂದು ಗುಟ್ಟು ಒಡೆಯುವ ಅವರೇ, ಬಾಗಿಲು ಕಿರ್ರೆಂದರೆ ಎದ್ದು ನಮ್ಮ ಬಾಗಿಲು ನೋಡಿಬರುತ್ತಿದ್ದರು! ಮಳೆಗಾಲದಲ್ಲಂತೂ ಮಿಂಚಿದಾಗೆಲ್ಲ ರೇಡಿಯೋ ಗರಗರ. ಗುಡುಗಿದ್ದು ನಾಟಕದಲ್ಲೋ ಹಟ್ಟಿಯ ಹಿಂದೋ ತಿಳಿಯುತ್ತಿರಲಿಲ್ಲ.

ಇಂಗ್ಲೆಂಡಿನ ಮ್ಯಾಚು ನಮ್ಮ ರಾತ್ರಿಗೂ ಚಾಚುತ್ತದಲ್ಲ, ಕೊಲೆಯ ದೃಶ್ಯಕ್ಕೆ ಸರಿಯಾಗಿ ಅಣ್ಣ ಮುಳ್ಳು ತಿರುಗಿಸಿಬಿಟ್ಟ.

"ಸತ್ತದ್ ಯಾರಾ?" ಎಂದರು ಅಮ್ಮಮ್ಮ.

"ಗಾವಸ್ಕರ್."