ಆರ್ದ್ರತಾಮೀಮಾಂಸೆ ಅಥವಾ ಕಡ್ಡಿಗೆ ಎಷ್ಟು ಚೊಂಬು?

ಆಗಷ್ಟೇ ಬೇರು ಬಿಟ್ಟ ಕಡ್ಡಿಯನ್ನು ಕುಂಡಕ್ಕೆ ವರ್ಗಾಯಿಸಿದ ಮೇಲೆ ಅದಕ್ಕೆಷ್ಟು ನೀರು ಎಂಬ ಪ್ರಶ್ನೆ ಶಾಸ್ತ್ರಕಾರರನ್ನು ಬಹುಕಾಲದಿಂದ ಕಾಡಿದೆ. ನಮ್ಮ ಮನೆಯನ್ನು ಹೋದ ಯುಗಾದಿಯಿಂದ. 6ನೇ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ದಾಳಿಂಬೆ ದ್ರಾಕ್ಷಿಗಳ ಕಡ್ಡಿಗೆ ಸಗಣಿ ಮೆತ್ತಿ ನೆಡಬೇಕೆಂದೂ, ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ, ಚಳಿಯಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರೆಂದೂ ವಿಧಿಸಿದ್ದಾನೆ. ಆದರೆ ಅದು ನೆಲದ ಮಾತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ 6 ಇಂಚಿನ ಪ್ಲಾಸ್ಟಿಕ್ ಕುಂಡಕ್ಕೆ ಅರ್ಧ ಕೋಕೋಪೀಟ್, ಅರ್ಧ ಪೀಟ್ ಮಾಸ್ ತುಂಬಿ ದಾಸವಾಳ ನೆಟ್ಟವರ ಗತಿಯೇನೆಂದು ಆಚಾರ್ಯರು ಹೇಳಿಲ್ಲ. ಆ ಕೊರತೆಯನ್ನು ನೀಗಲೆಂದೇ ಈ ಪ್ರಬಂಧ.

ಮೊದಲು ಪದಾರ್ಥನಿರ್ಣಯ. ಕೋಕೋಪೀಟ್‌ನಲ್ಲಿ ಪೀಟ್ ಇಲ್ಲ. ಅದು ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವಾಗ ಉದುರುವ ಪುಡಿ. ನಿಜವಾದ ಪೀಟ್ ಚಳಿದೇಶದ ಜೌಗಿನಲ್ಲಿ ಪಾಚಿ ಅರೆಬರೆ ಕೊಳೆತು, ವರ್ಷಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಕಟ್ಟಿಕೊಳ್ಳುವ ಪದರ. ಒಂದು ಗೇಣು ಪೀಟ್ ಎಂದರೆ ಇನ್ನೂರು ವರ್ಷಗಳ ತಪಸ್ಸು. ಹಾಗಾಗಿಯೋ ಏನೋ, ಕೋಪವೂ ಋಷಿಗಳದ್ದೇ. ಕೋಕೋ ಎಷ್ಟೇ ಒಣಗಿದರೂ ನೀರು ಕಂಡರೆ ಹೀರಿಕೊಳ್ಳುತ್ತದೆ; ಪೀಟ್ ಒಮ್ಮೆ ಪೂರ್ತಿ ಒಣಗಿತೋ, ಸುಲಭಕ್ಕೆ ನೀರನ್ನು ಮೈಗೆ ತಾಗಿಸಿಕೊಳ್ಳದು. ಹಾಕಿದ್ದೆಲ್ಲ ಕುಂಡದ ಅಂಚಿನಗುಂಟ ಜಾರಿ ತಟ್ಟೆಗೆ ಇಳಿಯುತ್ತದೆ. ತಟ್ಟೆ ತುಂಬಿದ್ದು ಕಂಡವರು ಸಮಾಧಾನದಿಂದ ಕಾಫಿಗೆ ಹೋಗುತ್ತಾರೆ. ಕುಂಡವನ್ನೇ ಅರ್ಧ ಗಂಟೆ ನೀರಿನ ಬೋಗುಣಿಯಲ್ಲಿ ಕೂರಿಸಿ ತಳದಿಂದ ಕುಡಿಸುವುದು ಈ ಮುನಿಸಿಗೆ ಮದ್ದು.

ಇನ್ನು ಪ್ರಮಾಣಗಳು. ಪ್ರತ್ಯಕ್ಷವಾದಿ ನಮ್ಮಮ್ಮ: ಮೇಲ್ಪದರ ತಿಳಿಕಂದಾಗಿದೆ, ಆದ್ದರಿಂದ ಒಣಗಿದೆ, ಆದ್ದರಿಂದ ಒಂದು ಚೊಂಬು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿದರೆ ಒಳಗೆ ತಣ್ಣನೆ ತೇವ. ಅದರಡಿ, ತಳದ ಒಂದೆರಡು ಅಂಗುಲದಲ್ಲಿ, ತೂತಿದ್ದರೂ ನೀರು ಇಳಿಯದೆ ಪಟ್ಟು ಹಿಡಿದಿರುತ್ತದೆ. ಜಲ್ಲಿ ಹಾಸಿದರೆ ಅದೇ ನೀರು ಜಲ್ಲಿಯ ಮೇಲೇರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ, ಅಷ್ಟೆ.

ಅನುಮಾನವಾದಿ ಮಗಳು: ಎಲೆ ಜೋತಿದೆ, ಆದ್ದರಿಂದ ಬಾಯಾರಿದೆ. ಇಂಥ ಹೇತುವನ್ನು ನೈಯಾಯಿಕರು 'ಅನೈಕಾಂತಿಕ' ಎನ್ನುತ್ತಾರೆ. ನೀರಿಲ್ಲದೆಯೂ ಎಲೆ ಜೋಲುತ್ತದೆ. ನೀರು ಹೆಚ್ಚಿ, ಗಾಳಿ ಸಿಗದೆ ಬೇರು ಕೊಳೆತಾಗಲೂ ಜೋಲುತ್ತದೆ. ಹೊಸ ಕಡ್ಡಿಯಂತೂ ಎರಡೂ ಇಲ್ಲದೆಯೇ ಜೋಲಬಹುದು: ಅದಕ್ಕಿರುವ ನಾಲ್ಕು ಎಳೆ ಬೇರು ಕುಡಿಯುವುದಕ್ಕಿಂತ ಎಲೆಗಳು ಉಗುಳುವುದೇ ಜಾಸ್ತಿ. ಬೇಕಾದದ್ದು ನೆರಳು, ಎಲೆಗೆ ಒಂದಿಷ್ಟು ತುಂತುರು. ಮಗಳು ಒಪ್ಪಿದಳು, ಚೊಂಬಿನಲ್ಲೇ ತುಂತುರು ಹಾಕಿದಳು.

ಶಬ್ದಪ್ರಮಾಣವನ್ನು ನಂಬಿದವರು ಅಪ್ಪ. ನಿವೃತ್ತ ಕನ್ನಡ ಮೇಷ್ಟ್ರು. ಪಾರ್ಕಿನ ವಾಕಿಂಗ್ ಗೆಳೆಯರೊಬ್ಬರು "ದಿನಾ ಒಂದ್ ಲೋಟ ಸಾಕು ಮೇಷ್ಟ್ರೇ" ಎಂದರಂತೆ. ಆಪ್ತವಾಕ್ಯವೇ ಸರಿ, ಆದರೆ ಕಾಫಿ ಲೋಟವೋ ಮಜ್ಜಿಗೆ ಲೋಟವೋ ಎಂಬುದು ಇಂದಿಗೂ ವಿವಾದಾಸ್ಪದ.

ಪ್ರಸ್ತುತ ಲೇಖಕನ ಸಿದ್ಧಾಂತ ತೂಕ. ಒಮ್ಮೆ ತಳದಿಂದ ಸೋರುವಷ್ಟು ನೀರು ಕೊಟ್ಟು, ತಟ್ಟೆ ಬಸಿದು, ಕುಂಡವನ್ನು ಎತ್ತಿ ನೋಡಿ ಕೈಗೆ ಭಾರ ನೆನಪಿಟ್ಟುಕೊಳ್ಳಬೇಕು. ಕುಂಡ ಹಗುರೆನಿಸುವವರೆಗೆ ಸುಮ್ಮನಿರಬೇಕು. ಸುಮ್ಮನಿದ್ದೆ. ಹನ್ನೊಂದು ದಿನವಾದರೂ ಹಗುರಾಗಲಿಲ್ಲ. ಕೋಕೋಪೀಟ್‌ನ ಜಲಧಾರಣಶಕ್ತಿಯನ್ನು ಕೊಂಡಾಡುತ್ತ ಎರಡು ಪುಟ ಟಿಪ್ಪಣಿಯನ್ನೂ ಬರೆದೆ. ಹನ್ನೆರಡನೇ ದಿನ ಕಡ್ಡಿ ಕಿತ್ತು ನೋಡಿದರೆ ಬೇರೆಲ್ಲ ಕಪ್ಪು. ವಿಚಾರಣೆಯಲ್ಲಿ ತಿಳಿದದ್ದು: ಉಳಿದವರು ಮರೆತಿರುತ್ತಾರೆಂದು ಮೂವರೂ ದಿನವೂ ಹಾಕುತ್ತಿದ್ದರು.

ಎರಡನೇ ಕಡ್ಡಿಯ ಕುಂಡಕ್ಕೆ ಶಾಯಿಪೆನ್ನಿನಲ್ಲಿ 'ನೀರು ಹಾಕಬೇಡಿ' ಎಂದು ಬರೆದು ಅಂಟಿಸಿದೆ. ಮರುದಿನ ಬೆಳಿಗ್ಗೆ ಕೊನೆಯ ಅಕ್ಷರ ತೊಳೆದುಹೋಗಿತ್ತು. 'ನೀರು ಹಾಕಬೇ' ಮಾತ್ರ ಉಳಿದಿತ್ತು. ಸಂಜೆಯ ಹೊತ್ತಿಗೆ ಅಪ್ಪ, ಗ್ರಂಥಸಂಪಾದನೆಯ ಶಿಸ್ತಿಗೆ ಕಿಂಚಿತ್ತೂ ಭಂಗ ಬಾರದಂತೆ, ಪೆನ್ಸಿಲಿನಲ್ಲಿ ಚೌಕಾವರಣ ಹಾಕಿ ಲುಪ್ತಾಕ್ಷರವನ್ನು ತುಂಬಿದ್ದರು: [ಕು].