ಕೊಂಬಿನವರು ಬಂದರು, ಕಿವಿ ಕೊಡಿ

(ಅಜ್ಜ: ಯಕ್ಷಗಾನ ಮೇಳದಲ್ಲಿ ರಾಕ್ಷಸರ ಬಣ್ಣದ ವೇಷ ಹಾಕಿ ಹಾಕಿ ಈಗ ಚಾವಡಿಯಲ್ಲಿ ಕೂತವರು. ಮೊಮ್ಮಗ: ಕಿವಿಯಲ್ಲಿ ಇಯರ್‌ಫೋನ್.)

ಅಜ್ಜ: ಕಿವಿಗೆ ಬಿರಡೆ ಹಾಕಿಕೊಂಡು ಒಬ್ಬನೇ ಬೆಚ್ಚಿಬೀಳ್ತೀಯಲ್ಲ, ಎಂತ ಮಾರಾಯ ಅದು?

ಮೊಮ್ಮಗ: ಬಿಬಿಸಿ ರೇಡಿಯೊ ನಾಟಕ ಅಜ್ಜ, ‘ಚೈಲ್ಡ್‌ಹುಡ್ಸ್ ಎಂಡ್’. ಆರ್ಥರ್ ಸಿ. ಕ್ಲಾರ್ಕ್ 1953ರಲ್ಲಿ ಬರೆದ ಕಾದಂಬರಿ, 1997ರಲ್ಲಿ ರೇಡಿಯೊಗೆ ಬಂತು. ಸೈತಾನನ ರೂಪದವರು ಆಕಾಶನೌಕೆಯಲ್ಲಿ ಭೂಮಿಗೆ ಬರ್ತಾರೆ.

ಅಜ್ಜ: ಬಂದು ಊರು ಸುಡ್ತಾರಾ?

ಮೊಮ್ಮಗ: ಇಲ್ಲ, ಯುದ್ಧ ನಿಲ್ಲಿಸ್ತಾರೆ. ಬಡತನ ಹೋಗ್ತದೆ. ಸ್ಪೇನಿನ ಗೂಳಿ ಕಾಳಗದಲ್ಲಿ ಗೂಳಿಗೆ ತಿವಿದರೆ ನೋವು ನೋಡಲು ಬಂದವರಿಗೇ ಆಗ್ತದೆ.

ಅಜ್ಜ: ಇಷ್ಟು ಮಾಡಲಿಕ್ಕೆ ಸೈತಾನರೇ ಬೇಕಾಯ್ತಾ! ಚುನಾವಣೆಗೆ ನಿಂತಿದ್ದಾರಾ?

ಮೊಮ್ಮಗ: ನಿಲ್ಲುವುದೇ ಬೇಡ. ಅವರಲ್ಲಿ ಕರೆಲೆನ್ ಎಂಬವನೇ ಭೂಮಿಯ ಮೇಲ್ವಿಚಾರಕ. ಅವನ ಮೇಲೂ ಒಂದು ಮಹಾಮನಸ್ಸು ಉಂಟು; ಅದು ಹೇಳಿದ್ದನ್ನು ಇವನು ಮಾಡಬೇಕು.

ಅಜ್ಜ: ಪಾಪ, ಸೈತಾನನಿಗೂ ಸಾಹೇಬರ ಕಾಟ ತಪ್ಪಲಿಲ್ಲ. ನೋಡಲಿಕ್ಕೆ ಹೇಗಿದ್ದಾನೆ?

ಮೊಮ್ಮಗ: ಕೊಂಬು, ರೆಕ್ಕೆ, ಬಾಲ ಎಲ್ಲ ಉಂಟು. ಆದರೆ 50 ವರ್ಷ ಜನರಿಗೆ ಮುಖ ತೋರಿಸುವುದಿಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೂ ಗಾಜಿನ ಆಚೆಯಿಂದ ಬರೀ ದನಿ.

ಅಜ್ಜ: ಹಾಗೆ ಹೇಳು! ನಾನು ಗಂಟೆಗಟ್ಟಲೆ ಕೂತು ಮುಖಕ್ಕೆ ಚುಟ್ಟಿ ಇಟ್ಟು, ಮೊದಲು ಎಂತ ಮಾಡ್ತಿದ್ದೆ? ತೆರೆಯ ಹಿಂದೆ ನಿಂತು ಆರ್ಭಟೆ. ಮುಖ ಕಾಣುವ ಮೊದಲೇ ಮಕ್ಕಳು ಅಮ್ಮನ ಸೆರಗಿನೊಳಗೆ!

ಮೊಮ್ಮಗ: ಈ ಕಥೆ ರೇಡಿಯೊಗೆ ಹೊಂದುವುದೂ ಅದಕ್ಕೇ. 2015ರಲ್ಲಿ ಟಿವಿಗೆ ಬಂದಾಗ ಕೊಂಬು ಅಂಟಿಸಿ ತೋರಿಸಲೇಬೇಕಾಯ್ತು.

ಅಜ್ಜ: ತೋರಿಸಿದ ಮೇಲೆ ಮುಗೀತು. ‘ಎಡಗೊಂಬು ಸ್ವಲ್ಪ ವಾರೆ’ ಅಂತ ಜನ ಅಳತೆ ಹಿಡೀತಾರೆ. ಕಾದಂಬರಿಯಲ್ಲಿ ಹೊರಗೆ ಬಂದನಾ?

ಮೊಮ್ಮಗ: ಬಂದ, ಎರಡು ಕೈಯಲ್ಲೂ ಒಂದೊಂದು ಮಗು ಎತ್ತಿಕೊಂಡು.

ಅಜ್ಜ: ಭಾರಿ ಬುದ್ಧಿವಂತ! ಮಗು ಎತ್ತಿಕೊಂಡವನಿಗೆ ಕಲ್ಲು ಹೊಡೆಯುವವರು ಯಾರು? ಅಲ್ಲ, ಇವರು ಹಿಂದೊಮ್ಮೆ ಬಂದುಹೋಗಿರಬೇಕು. ಇಲ್ಲದಿದ್ದರೆ ಕೊಂಬಿನವನ ಭಯ ಜನರಿಗೆ ಎಲ್ಲಿಂದ ಬಂತು?

ಮೊಮ್ಮಗ: ಮಜಾ ಇರುವುದೇ ಅಲ್ಲಿ. ಅದು ಹಿಂದಿನ ನೆನಪಲ್ಲ, ಮುಂದಿನದು. ಮನುಷ್ಯಕುಲದ ಕೊನೆ ಇವರ ಕಣ್ಣೆದುರೇ ಆಗ್ತದೆ. ಆ ಭಯವೇ ಕಾಲದಲ್ಲಿ ಹಿಂದಕ್ಕೆ ಹರಿದು ಸೈತಾನನ ರೂಪ ತಾಳಿತು.

ಅಜ್ಜ: ಸಾಲ ಮಾಡುವ ಮೊದಲೇ ಬಡ್ಡಿ ಕಟ್ಟಿದ ಹಾಗಾಯ್ತು!

ಮೊಮ್ಮಗ: ಸೈತಾನನಿಗೆ ಪ್ರಯಾಣ ಹೊಸತಲ್ಲ ಅಜ್ಜ. 1667ರಲ್ಲಿ ಬಂದ ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಸ್ವರ್ಗದಿಂದ 9 ದಿನ ಬಿದ್ದು ನರಕ ಸೇರ್ತಾನೆ. ಆಮೇಲೆ ಶೂನ್ಯ ದಾಟಿ, ಸೂರ್ಯನಲ್ಲಿ ಇಳಿದು, ಅಲ್ಲಿದ್ದ ದೇವದೂತನ ಹತ್ತಿರ ದಾರಿ ಕೇಳಿ ಭೂಮಿಗೆ ಬರ್ತಾನೆ.

ಅಜ್ಜ: ನಿನಗೆ ಫೋನಿನಲ್ಲಿ ಮ್ಯಾಪ್ ಇದ್ದೂ ಕುಂದಾಪುರ ಸಿಗಲಿಲ್ಲ!

ಮೊಮ್ಮಗ: ಆ ಕಾವ್ಯ ಕಟ್ಟುವಾಗ ಮಿಲ್ಟನ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದ್ದು.

ಅಜ್ಜ: ಅಲ್ಲಿಗೆ ಆ ಸೈತಾನನೂ ಕಾಗದಕ್ಕಿಂತ ಮೊದಲು ಕಿವಿಗೇ ಬಂದವನು.

ಮೊಮ್ಮಗ: ಒಟ್ಟಿನಲ್ಲಿ ನಿನ್ನ ತೀರ್ಪು?

ಅಜ್ಜ: ಕೊಂಬು ಕಂಡು ಹೆದರಬೇಡ. ಆದರೆ ಮುಖ ತೋರಿಸದೆ ಪುಕ್ಕಟೆ ಉಪಕಾರ ಮಾಡಲಿಕ್ಕೆ ಯಾರಾದರೂ ಬಂದರೆ, ಬಿಲ್ಲು ಯಾರ ಹೆಸರಿಗೆ ಅಂತ ಮೊದಲೇ ಕೇಳಿಕೋ.