ತಕ್ಕಡಿ ತಂದ ಹುಡುಗಿಯನ್ನು ದಯವಿಟ್ಟು ವರ್ಗ ಮಾಡಿ

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದ ಏಳನೇ ಮಹಡಿಯಲ್ಲಿ ಕೂರುವ ಸಸ್ಟೈನಬಿಲಿಟಿ ಹೆಡ್ ಸಾಹೇಬರಿಗೆ, ಅದೇ ಕಟ್ಟಡದ ಬೇಸ್‌ಮೆಂಟಿನಿಂದ ಕಸದ ಕಂಟ್ರಾಕ್ಟರು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಅದಕ್ಕೆ ಕಾರಣ ತಾವೇ. ಕಸ ಎತ್ತಿದ್ದಕ್ಕೆ ತಿಂಗಳು ತಿಂಗಳು ತಾವು ದುಡ್ಡು ಕೊಡುತ್ತೀರಿ. ಎತ್ತಿದ ಕಸದಿಂದ ರಟ್ಟು, ಬಾಟ್ಲಿ, ಕೂಲ್‌ಡ್ರಿಂಕ್ಸ್ ಟಿನ್ನು ಆರಿಸಿ ಜಾಲಿ ಮೊಹಲ್ಲಾದ ಅಥವಾ ನಾಯಂಡಹಳ್ಳಿಯ ಗುಜರಿಯವರಿಗೆ ಹಾಕಿದರೆ ಅವರೂ ದುಡ್ಡು ಕೊಡುತ್ತಾರೆ. ರೊಟ್ಟಿ ಜಾರಿ ತುಪ್ಪಕ್ಕೆ ಬೀಳುವುದು ಅಂದರೆ ಇದೇ. ಮನೆಗಳಲ್ಲಿ ಹಳೇ ಪೇಪರ್ ಹಾಕುವ ಅಮ್ಮಂದಿರು ತಕ್ಕಡಿ ತಟ್ಟೆಯ ತಳಕ್ಕೂ ಕೈಹಾಕಿ ನೋಡುತ್ತಾರೆ. ಎಂಬಿಎ ಓದಿದವರು ಅಷ್ಟೆಲ್ಲ ಬಗ್ಗುವುದಿಲ್ಲ.

ಆದರೆ ಹೋದ ಸೋಮವಾರ ತಮ್ಮ ಅಡ್ಮಿನ್‌ಗೆ ಹೊಸದಾಗಿ ಸೇರಿದ ಹುಡುಗಿ ಕೊಕ್ಕೆ ತಕ್ಕಡಿ ಹಿಡಿದು ಕೆಳಗಿಳಿದು ಬಂದಳು. ಒಂದೊಂದೇ ಮೂಟೆ ತೂಗಿ ಬರೆದುಕೊಂಡಳು. ಆಮೇಲೆ ಸಾಂಬಾರು ಚೆಲ್ಲಿ ಮೆತ್ತಗಾಗಿದ್ದ ರಟ್ಟಿನ ಡಬ್ಬವೊಂದನ್ನು ಬೆರಳಲ್ಲಿ ಒತ್ತಿ ನೋಡಿ, “ಇದು ಒಣಗಿದ್ದಿದ್ದರೆ ಕಿಲೋಗೆ ಎಷ್ಟು ಸಿಗುತ್ತಿತ್ತು ಅಣ್ಣಾ?” ಅಂದಳು. ಎದೆ ಝಲ್ಲೆಂದಿತು ಸ್ವಾಮಿ. ಇಷ್ಟು ವರ್ಷದಲ್ಲಿ ಯಾವ ಕಂಪನಿಯವರೂ ಕೇಳದ ಪ್ರಶ್ನೆ ಅದು.

ಮೇಲೆ ಹಸಿರು, ನೀಲಿ, ಕೆಂಪು ಬುಟ್ಟಿಗಳಿವೆ. ಸಂಜೆಗೆ ಮೂರೂ ಒಂದೇ ಕರಿ ಕವರಿನಲ್ಲಿ ತ್ರಿವೇಣಿ ಸಂಗಮ. ಅದೂ ನಿಲ್ಲಬೇಕು ಅಂದಳು. 5,000 ಚದರ ಮೀಟರ್ ದಾಟಿದ ಸಂಸ್ಥೆಗಳು ಹಸಿ ಕಸವನ್ನು ಆದಷ್ಟೂ ಆವರಣದಲ್ಲೇ ಗೊಬ್ಬರವೋ ಗ್ಯಾಸೋ ಮಾಡಬೇಕು ಎಂದು 2016ರಲ್ಲೇ ನಿಯಮ ಬಂದಿತ್ತಂತೆ. ಕ್ಯಾಂಟೀನಿನ ಅನ್ನ-ಸಾರಿನ ಗ್ಯಾಸಿನಲ್ಲೇ ಕ್ಯಾಂಟೀನಿನ ಕಾಫಿ ಕಾಯಿಸಬಹುದಂತೆ. ತಮ್ಮ ಸಿಲಿಂಡರ್ ಬಿಲ್ಲು ಇಳಿದರೆ ನನ್ನ ಲಾರಿಯ ಟ್ರಿಪ್ಪೂ ಇಳಿಯುತ್ತದೆ, ಯೋಚಿಸಿ. ಊರಾಚೆ ಸುರಿಯುವುದಂತೂ ಈಗ ಮೊದಲಿನಷ್ಟು ಸುಲಭವಿಲ್ಲ. ಮಂಡೂರಿನವರು ಮೂಗು ಮುಚ್ಚಿಕೊಂಡು ಸಾಕಾಗಿ 2014ರ ಕೊನೆಗೆ ಕಸದ ಲಾರಿಗಳನ್ನೇ ನಿಲ್ಲಿಸಿಬಿಟ್ಟರು.

ಟಿನ್ನಿನ ವಿಷಯ ಅವಳಿಗೆ ನಾನೇ ಬಾಯಿತಪ್ಪಿ ಹೇಳಿಬಿಟ್ಟೆ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯುವ ಬದಲು ಹಳೇ ಟಿನ್ನು ಕರಗಿಸಿದರೆ ಶೇ. 95ರಷ್ಟು ಶಕ್ತಿ ಉಳಿಯುತ್ತದೆ, ಅದಕ್ಕೇ ಅದಕ್ಕೆ ಬೆಲೆ. ಅದನ್ನೂ ಬರೆದುಕೊಂಡಳು.

ನನಗೆ ನಿಜವಾದ ಭಯ ನಾಲ್ಕನೇ ಮಹಡಿಯ ಸ್ಟೋರ್ ರೂಮಿನದು. ಅಲ್ಲಿ ಸತ್ತ ಲ್ಯಾಪ್‌ಟಾಪುಗಳನ್ನು ಪೇರಿಸಿ ಬೀಗ ಹಾಕಿದ್ದೀರಿ. ತೆಗೆಯುವ ಖರ್ಚು ಹುಟ್ಟುವುದಿಲ್ಲ ಅಂತ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಒಂದು ಟನ್ ಅದಿರಿನಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚಿನ್ನ ಒಂದು ಟನ್ ಸರ್ಕ್ಯೂಟ್ ಬೋರ್ಡಿನಲ್ಲಿದೆ. ಗಣಿಯನ್ನು ಕಪಾಟಿನಲ್ಲಿಟ್ಟು, ಕಪಾಟಿರುವ ಜಾಗಕ್ಕೆ ಚದರಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ಔದಾರ್ಯ ತಮ್ಮದು. ಇನ್ನೊಂದು ವರ್ಷ ಹಾಗೇ ಬಿಟ್ಟರೆ ‘ಜಾಗ ಖಾಲಿ ಮಾಡಿಕೊಡುತ್ತೇನೆ’ ಅಂತ ನಾನೇ ಬರುವವನಿದ್ದೆ. ಗಲ್ಲಿಯಲ್ಲಿ ಅವನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವ ಹುಡುಗರಿದ್ದಾರೆ; ರಾತ್ರಿಯಿಡೀ ಕೆಮ್ಮುತ್ತಾರೆ, ಆ ಮಾತು ಬೇಡ. ಈ ಹುಡುಗಿ ಈಗ ನೋಂದಾಯಿತ ಮರುಬಳಕೆದಾರರನ್ನು ಕರೆಸಿ, ರೇಟು ಮಾತಾಡಿ, ಸರ್ಟಿಫಿಕೇಟೂ ತಗೊಳ್ಳುತ್ತಾಳಂತೆ.

ಆದ್ದರಿಂದ ಅವಳನ್ನು ಜೂನ್ 5ರ ಪರಿಸರ ದಿನಾಚರಣೆಯ ರಂಗೋಲಿ ಕಮಿಟಿಗೆ ಹಾಕಬೇಕೆಂದು ಕೈಮುಗಿದು ಕೇಳುತ್ತೇನೆ. ಆ ದಿನಾಚರಣೆ ಮಾತ್ರ ನಿಲ್ಲಿಸಬೇಡಿ. ಹೋದ ಸಲ ತಾವು ಹಂಚಿದ ಸೆಣಬಿನ ಚೀಲಗಳು ಒಂದೊಂದೂ ಪ್ಲಾಸ್ಟಿಕ್ ಕವರಿನಲ್ಲಿದ್ದವು. ಕವರುಗಳಿಗೆ ನಾಯಂಡಹಳ್ಳಿಯಲ್ಲಿ ಒಳ್ಳೇ ರೇಟು ಬಂತು.

ಇಂತಿ,
ತಮ್ಮ ಕಸದಿಂದ ಉದ್ಧಾರವಾದವನು

ವಿ.ಸೂ.: ಬೇಗ ಏನಾದರೂ ಮಾಡಿ ಸಾಹೇಬರೇ. ನಾಳೆ ಬೆಳಿಗ್ಗೆ ಮತ್ತೆ ಬರುತ್ತಾಳಂತೆ, ಈ ಸಲ ಅಕೌಂಟ್ಸ್‌ನವರನ್ನೂ ಕರಕೊಂಡು.